ಹಳೆಯ ಚೈನಿನ ಬಿಗಿ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಆಶ್ರಮದಲ್ಲೊಂದು ಪುಟ್ಟ ದವಾಖಾನೆ, ದವಾಖಾನೆಯ ಹಿಂದೊಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಮೂರು ಮುದಿ ಬೈಕುಗಳು.

ಅವು ರಸ್ತೆಯ ಬೈಕುಗಳಲ್ಲ. ಕಲ್ಲು, ಕೆಸರು, ಗುಡ್ಡ ಹತ್ತಿಳಿಯಲೆಂದು ಮಾಡಿದ, ಎತ್ತರದ ಕಾಲಿನ ಡರ್ಟ್ ಬೈಕುಗಳು. ರೇಸು ಓಡಿಸುವವರ ಸಂಘವೊಂದು ತನಗೆ ಸಾಕಾದ ಮೇಲೆ ಆಶ್ರಮಕ್ಕೆ ಕೊಟ್ಟಿತ್ತು. ಗುಡ್ಡದ ಮೇಲಿನ ನಾಲ್ಕು ಹಟ್ಟಿಗಳಿಗೆ ಪ್ರತಿ ಗುರುವಾರ ಔಷಧಿ ಹೋಗುತ್ತಿದ್ದುದು ಇವುಗಳ ಮೇಲೆ. ಬೇರೆ ಯಾವ ಗಾಡಿಯೂ ಆ ದಾರಿ ಹತ್ತುತ್ತಿರಲಿಲ್ಲ.

ಶೆಡ್ಡಿನ ಗುರುಗಳು ಚನ್ನವೀರಯ್ಯನವರು. ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಕೈ ಕಪ್ಪು ಮಾಡಿಕೊಂಡು, ಆಮೇಲೆ ಹಣೆಗೆ ವಿಭೂತಿ ಹಚ್ಚಿಕೊಂಡು ಇಲ್ಲಿಗೆ ಬಂದವರು. ಊರಿಗೆಲ್ಲ ಅವರು ಅಜ್ಜಾರು.

ಮೋಕ್ಷದ ದಾರಿ ಕೇಳಲು ಬಂದವರ ಕೈಗೆ ಅಜ್ಜಾರು ಮೊದಲು ಒಂದು ತಂತಿ ಬ್ರಶ್ಶು ಕೊಡುತ್ತಿದ್ದರು. ಚೈನು ತಿಕ್ಕಿ ಮುಗಿಸುವಷ್ಟರಲ್ಲಿ ಅರ್ಧ ಜನ ಕೇಳಬೇಕಾದದ್ದನ್ನೇ ಮರೆತಿರುತ್ತಿದ್ದರು. ಉಳಿದರ್ಧ ಜನ ಊಟ ಮಾಡಿಕೊಂಡು ಹೋಗುತ್ತಿದ್ದರು.

ಹೋಗದೆ ಉಳಿದವಳು ಒಬ್ಬಳೇ, ನೀಲಾಂಬಿಕೆ.

ಬಂದ ಮೊದಲ ದಿನ ಬ್ರಶ್ಶು ಕೈಗೆ ತೆಗೆದುಕೊಂಡು ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ನಿಮಿಷ ತಿಕ್ಕಬೇಕ್ರಿ?”

ಅಜ್ಜಾರು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ್ದರು. ಆಮೇಲೆ, “ಕುಂತು ತಿಕ್ಕವ್ವಾ,” ಎಂದಿದ್ದರು.

ಅದಾಗಿ ಎರಡು ವರ್ಷ.

ನೀಲಾಂಬಿಕೆ ಮೊದಲು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದವಳು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಸ್ತುವನ್ನು ಕೆಂಪು ಡಬ್ಬಿಗೆ ಎಸೆದು ರೂಢಿ. ಆಶ್ರಮಕ್ಕೆ ಬಂದರೂ ಉಕ್ಕಿನ ಸ್ಕೇಲು ಅವಳ ಸೊಂಟದಿಂದ ಇಳಿದಿರಲಿಲ್ಲ.

ಶೆಡ್ಡಿನ ಗೋಡೆಗೆ ಮೊಳೆ ಹೊಡೆದು, ನಟ್ಟು ಬಿಗಿಯುವ ಪ್ರತಿಯೊಂದು ಪಾನಾದ ಆಕಾರವನ್ನೂ ಬಣ್ಣದಲ್ಲಿ ಬರೆದು, ಅದರದರ ಜಾಗಕ್ಕೆ ಅದನ್ನು ತೂಗುಹಾಕಿದವಳು ಅವಳೇ. ಬೆಳಗ್ಗೆ ಎದ್ದು ನೋಡಿದರೆ ಒಂದು ಪಾನಾ ಯಾವಾಗಲೂ ಕಡಿಮೆ ಬೀಳುತ್ತಿತ್ತು.

“ಅಜ್ಜಾರ, ಹದಿನಾಲ್ಕರ ಪಾನಾ ಎಲ್ಲಿ?”

“ಇಲ್ಲೇ ಇತ್ತಲ್ಲವ್ವಾ.”

“ಇಲ್ಲೇ ಅಂದ್ರ ಎಲ್ಲಿ? ಮೊನ್ನೆ ಪೂಜಾ ಪೆಟ್ಟಿಗಿಯೊಳಗ ಸಿಕ್ತು. ಗೋಡಿ ಮ್ಯಾಲ ಚಿತ್ರ ಬರದು ಇಟ್ಟೀನಿ, ಅಷ್ಟು ನೋಡಾಕ ಆಗಂಗಿಲ್ಲೇನ್ರಿ ನಿಮಗ?”

“ತಪ್ಪಾತವ್ವಾ,” ಎಂದು ಅಜ್ಜಾರು ಎದ್ದು ಹುಡುಕುತ್ತಿದ್ದರು. ಎಪ್ಪತ್ತೆಂಟರ ಗುರುಗಳು ಮೂವತ್ತನಾಲ್ಕರ ಶಿಷ್ಯೆಯಿಂದ ಬೈಸಿಕೊಳ್ಳುವುದನ್ನು ಕಂಡು ದವಾಖಾನೆಗೆ ಬಂದವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅಜ್ಜಾರು ಎದುರುತ್ತರ ಕೊಡುತ್ತಿರಲಿಲ್ಲ. ಪಾನಾ ಬಹಳ ಸಲ ಅವರ ಧೋತರದ ಮಡಿಲಲ್ಲೇ ಇರುತ್ತಿತ್ತು.

ಔಷಧಿ ಒಯ್ಯುತ್ತಿದ್ದವಳು ನರ್ಸ್ ಫಕೀರವ್ವ. ಐವತ್ತಾರು ವರ್ಷ, ಭಾರಿ ಮೈಕಟ್ಟು. ಸೀರೆಗೆ ಕಚ್ಚೆ ಹಾಕಿ, ಕೆಂಚಿ ಎಂಬ ಕೆಂಪು ಬೈಕನ್ನು ಹತ್ತಿ, ಬೆನ್ನ ಹಿಂದೆ ಔಷಧಿ ಪೆಟ್ಟಿಗೆ ಕಟ್ಟಿ ಗುಡ್ಡಕ್ಕೆ ಹೊರಟಳೆಂದರೆ ಹೊಳೆಯ ಆಚೆ ದಂಡೆಯ ಮೇಕೆಗಳೂ ದಾರಿ ಬಿಡುತ್ತಿದ್ದವು. ಓಡಿಸಲು ಕಲಿಸಿದವರು ಅಜ್ಜಾರು.

ನೀಲಾಂಬಿಕೆ ಶೆಡ್ಡಿನ ಬಾಗಿಲಿಗೆ ಒಂದು ಹಲಗೆ ತೂಗುಹಾಕಿದ್ದಳು. ಫಕೀರವ್ವ ಹೊರಟ ಹೊತ್ತು, ಮರಳಿದ ಹೊತ್ತು ಅದರ ಮೇಲೆ.

ಒಂದು ಗುರುವಾರ ಫಕೀರವ್ವ ಮೂರು ತಾಸು ಹತ್ತು ನಿಮಿಷಕ್ಕೆ ಮರಳಿದಳು. ನೀಲಾಂಬಿಕೆ ಅದನ್ನು ಹಲಗೆಯ ನೆತ್ತಿಯ ಮೇಲೆ ಬರೆದು ಸುತ್ತ ಗೆರೆ ಎಳೆದಳು. ಅಂದಿನಿಂದ ಅದೇ ಅಳತೆಯಾಯಿತು. ಅದಕ್ಕಿಂತ ತಡವಾದ ವಾರವೆಲ್ಲ ಕೆಂಪು ಸೀಮೆಸುಣ್ಣದಲ್ಲಿ ಬೀಳತೊಡಗಿತು.

ಮೂರು ವಾರ ಸಾಲಾಗಿ ಕೆಂಪು ಬಿತ್ತು. ನಾಲ್ಕನೆಯ ವಾರ ಫಕೀರವ್ವ ಬಂದಾಗ ಐದು ತಾಸು ಕಳೆದಿತ್ತು. ದವಾಖಾನೆಯ ಮುಂದೆ ಇಪ್ಪತ್ತು ಜನ ಕುಳಿತಿದ್ದರು.

“ಐದು ತಾಸು!” ಎಂದಳು ನೀಲಾಂಬಿಕೆ. “ಅವತ್ತ ಮೂರು ತಾಸಿಗೆ ಬಂದಾಕಿ ನೀನ ಅಲ್ಲೇನಕ್ಕಾ? ಅದ ದಾರಿ, ಅದ ಗಾಡಿ. ಎಲ್ಲಿ ಕುಂತಿದ್ದಿ ಹರಟಿ ಹೊಡಕೋತ?”

ಫಕೀರವ್ವ ಹೆಲ್ಮೆಟ್ಟು ತೆಗೆದಳು. ಹಣೆಯ ಬೆವರು ಒರೆಸಿಕೊಂಡಳು. ಕೆಂಚಿಯ ಕೀಲಿಯನ್ನು ಒಯ್ದು, ಗೋಡೆಯ ಮೇಲೆ ನೀಲಾಂಬಿಕೆ ಬರೆದಿದ್ದ ಕೀಲಿಯ ಚಿತ್ರದ ಮೇಲೆ ಸರಿಯಾಗಿ ತೂಗುಹಾಕಿದಳು.

“ನನ್ನ ಕಡಿಂದ ಇನ್ನ ಆಗೂದಿಲ್ಲವ್ವಾ,” ಎಂದಳು.

ಅಂಗಳದಲ್ಲಿ ಕುಳಿತಿದ್ದ ಅಜ್ಜಾರ ಮುಂದೆ ಒಂದು ಗಳಿಗೆ ನಿಂತಳು.

“ಆಕಿಗೆ ನೀವು ಏನೂ ಅನ್ನೂದಿಲ್ಲಲ್ಲ್ರೀ ಅಜ್ಜಾರ.”

“ಚಕ್ರ ಒಂದು ಸುತ್ತು ತಿರಗಲಿ, ಫಕೀರವ್ವ.”

“ತಿರಗಲಿ ಬಿಡ್ರಿ. ನಾ ಮನಿಗೆ ಹೋಗ್ತೀನಿ.”

ಹೋದಳು. ನೀಲಾಂಬಿಕೆ ಹಲಗೆಯ ಮೇಲೆ ಐದು ತಾಸು ಎಂದು ಬರೆದಳು. ಸೀಮೆಸುಣ್ಣ ಮುರಿಯಿತು.

ಆ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಹೇಳಿದ್ದರಲ್ಲಿ ಸುಳ್ಳೇನಿತ್ತು? ಮೂರು ತಾಸೂ ನಿಜ, ಐದು ತಾಸೂ ನಿಜ. ಆದರೆ ಮುಂದಿನ ಗುರುವಾರ ಗುಡ್ಡಕ್ಕೆ ಔಷಧಿ ಮುಟ್ಟಬೇಕು. ಬೆಳಗಿಗೆ ನಿರ್ಧರಿಸಿದಳು.

“ಅಜ್ಜಾರ, ಈ ಗುರುವಾರ ನಾನ ಹೋಗ್ತೀನಿ.”

“ಹೋಗು.”

“ಫಕೀರಕ್ಕನ್ನ ನೀವು ಕರಿಯಂಗಿಲ್ಲೇನ್ರಿ?”

“ಕಳಿಸಿದಾಕಿ ನೀ. ಕರಿಯೂದು ನಾ ಹ್ಯಾಂಗ?”

ನೀಲಾಂಬಿಕೆ ತುಟಿ ಬಿಗಿಹಿಡಿದು ಕೆಂಚಿಯ ಹತ್ತಿರ ಹೋದಳು.

ಕೆಂಚಿಯ ಚೈನು ಸವೆದಿತ್ತು. ಚೈನನ್ನು ಹೊತ್ತು ತಿರುಗುವ ಎರಡು ಹಲ್ಲಿನ ಚಕ್ರಗಳೂ, ಅಂದರೆ ಶೆಡ್ಡಿನವರು ಸ್ಪ್ರಾಕೆಟ್ ಎನ್ನುವವು, ಸವೆದು ಹಲ್ಲು ಕೊಕ್ಕೆಯಂತೆ ಬಾಗಿದ್ದವು. ಸಂಘದವರು ಹೊಸ ಚೈನೊಂದನ್ನು ಕಳಿಸಿದ್ದರು. ಆದರೆ ಆ ಮಾದರಿಯ ಬೈಕು ತಯಾರಾಗುವುದು ನಿಂತು ಹದಿನೈದು ವರ್ಷವಾಗಿ, ಸ್ಪ್ರಾಕೆಟ್ ಇನ್ನೂ ಸಿಕ್ಕಿರಲಿಲ್ಲ. ತಿಂಗಳೊಳಗೆ ಹುಡುಕಿ ಕಳಿಸುತ್ತೇವೆ ಎಂದಿದ್ದರು. ಹೊಸ ಚೈನು ಕಾಗದದ ಹೊದಿಕೆಯಲ್ಲೇ ಗೋಡೆಯ ಮೇಲಿತ್ತು.

“ಇದನ್ನ ಹಾಕಿಬಿಡ್ಲೇನ್ರಿ?”

“ಯಾವ ಚಕ್ರದ ಮ್ಯಾಲ?”

“ಇರೂ ಚಕ್ರದ ಮ್ಯಾಲ. ಚೈನರ ಹೊಸದಾಗತೈತಿ.”

ಅಜ್ಜಾರು ಹೊಸ ಚೈನನ್ನು ಹೊದಿಕೆಯ ಮೇಲಿಂದಲೇ ಸವರಿದರು.

“ಇದೇನು ತಪ್ಪು ಮಾಡೈತವ್ವಾ? ಆ ಮುರುಕು ಹಲ್ಲಿನ ಬಾಯಾಗ ಕೊಟ್ರ ತಿಂಗಳದಾಗ ಇದೂ ಮುದುಕಿ ಆಗತೈತಿ. ಹಳೇವು ಮೂರೂ ಕೂಡಿ ಸವದಾವ. ಒಂದಕ್ಕೊಂದರ ಹಲ್ಲು ಗೊತ್ತು. ಹೊಸ ಸ್ಪ್ರಾಕೆಟ್ ಬರೂ ತನಕ ಅವನ್ನ ಸಂಭಾಳಿಸು.”

ನೀಲಾಂಬಿಕೆ ಸಂಭಾಳಿಸಲು ಕುಳಿತಳು. ಮಂಗಳವಾರ ಬೆಳಗ್ಗೆ ಬೈಕಿನ ಹೊಟ್ಟೆಯ ಕೆಳಗೆ ಕಟ್ಟಿಗೆಯ ಪೆಟ್ಟಿಗೆ ಇಟ್ಟು ಹಿಂದಿನ ಚಕ್ರ ಎತ್ತಿದಳು. ಚಿಮಣಿ ಎಣ್ಣೆಯಲ್ಲಿ ಚೈನು ತಿಕ್ಕಿ, ಒರೆಸಿ, ಎಣ್ಣೆ ಬಿಟ್ಟಳು. ಚೈನನ್ನು ಬೆರಳಿಂದ ಮೇಲೆತ್ತಿ ಸ್ಕೇಲು ಹಿಡಿದಳು. ತೀರಾ ಜೋಲುಬಿದ್ದಿತ್ತು. ಚಕ್ರವನ್ನು ಹಿಂದಕ್ಕೆಳೆದು ಬಿಗಿದಳು. ಮತ್ತೆ ಅಳೆದಳು. ನಟ್ಟು ಕಟ್ಟಿದಳು.

ಅಜ್ಜಾರು ಚಹಾದ ಲೋಟ ಹಿಡಿದು ಬಂದರು.

“ಎಷ್ಟು ಸಡಿಲ ಬಿಟ್ಟಿ?”

“ಮೂವತ್ತೈದು ಮಿಲಿಮೀಟರ್. ಪುಸ್ತಕದಾಗ ಬರದಂಗ.”

“ಎಲ್ಲಿ ಅಳದಿ?”

“ನಡುವ.”

“ಚೈನಿಗೆ ನಡು ಎಲ್ಲೈತವ್ವಾ?”

“ಎರಡು ಚಕ್ರದ ನಡುವ್ರಿ, ಅಜ್ಜಾರ. ಮತ್ತೆಲ್ಲಿ?”

“ಅದು ಚಕ್ರಗಳ ನಡು. ನಾ ಕೇಳಿದ್ದು ಚೈನಿನ ನಡು.”

ನೀಲಾಂಬಿಕೆಗೆ ಇಂಥ ಮಾತು ಸೇರುತ್ತಿರಲಿಲ್ಲ. ಅವಳು ಸ್ಕೇಲು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬೇಕಾದ್ರ ನೀವ ಅಳೀರಿ. ಕೂದಲೆಳಿಯಷ್ಟು ಹೆಚ್ಚು ಕಡಿಮಿ ಬಂದ್ರ ನಾ ಇವತ್ತ ಊಟ ಬಿಡ್ತೀನಿ.”

“ನೀ ಹಿಡದ ಜಾಗಾದಾಗ ಬರೂದಿಲ್ಲ ಬಿಡು. ಊಟ ಮಾಡೇ ಹತ್ತು.”

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಚೈನು ಕಟ್ಟಿದವರೇ ಮೊದಲು ಹತ್ತಬೇಕು. ಔಷಧಿ ಪೆಟ್ಟಿಗೆಯ ಭಾರದಷ್ಟು ಮರಳಿನ ಚೀಲ ಹಿಂದೆ ಕಟ್ಟಿಕೊಂಡು, ಹೊಳೆ ದಾಟಿ, ಮೊದಲ ಏರಿನ ಬೋಳುಗಲ್ಲಿನ ತನಕ ಹೋಗಿ ಬರಬೇಕು. ಆಮೇಲೆಯೇ ಗಾಡಿ ಇನ್ನೊಬ್ಬರ ಕೈಗೆ. ಅಜ್ಜಾರೂ ಕಳೆದ ವರ್ಷದ ತನಕ ಹಾಗೆಯೇ ಹತ್ತುತ್ತಿದ್ದರು.

ನೀಲಾಂಬಿಕೆ ಊಟ ಮಾಡಿ ಹತ್ತಿದಳು.

ಕೆಂಚಿ ಹೊಳೆಯನ್ನು ಸರಾಗವಾಗಿ ದಾಟಿತು. ಆಚೆ ದಂಡೆಯ ಮರಳನ್ನೂ ದಾಟಿತು. ಏರಿನ ಅರ್ಧದಲ್ಲಿ ಒಂದು ಕಲ್ಲಿನ ಮೇಲಿಂದ ಕೆಂಚಿ ಧುಮುಕಿ ಇಳಿದಾಗ ಭಾರವೆಲ್ಲ ಹಿಂದಕ್ಕೆ ಕುಸಿಯಿತು. ಕಾಲ ಬುಡದಲ್ಲಿ ಟಪ್ಪೆಂದು ಸದ್ದಾಯಿತು. ಎಂಜಿನ್ನು ಕಿರುಚಿತು, ಚಕ್ರ ನಿಂತಿತು. ತಿರುಗಿ ನೋಡಿದರೆ ಚೈನು ದಾರಿಯ ಮೇಲೆ ಹಾವಿನ ಪೊರೆಯಂತೆ ಬಿದ್ದಿತ್ತು.

ಎರಡು ತುದಿ ಕೂಡಿಸುವ ಚೈನ್ ಲಾಕು ಮುರಿದಿತ್ತು.

ಎರಡು ಮೈಲು ಕೆಂಚಿಯನ್ನು ತಳ್ಳಿಕೊಂಡು ಬಂದಳು. ಹೊಳೆಯಲ್ಲಿ ಮೊಣಕಾಲುದ್ದ ನೀರು. ಮರಳಿನ ಚೀಲವನ್ನಾದರೂ ಎಸೆಯಬಹುದಿತ್ತು. ಲೆಕ್ಕಕ್ಕೆ ತಂದದ್ದನ್ನು ಲೆಕ್ಕಕ್ಕೇ ಮರಳಿಸಬೇಕೆಂದು ಅದನ್ನೂ ಹೊತ್ತು ತಂದಳು.

ಅಜ್ಜಾರು ಹುರಿದ ಶೇಂಗಾ ಸುಲಿಯುತ್ತ ಕುಳಿತಿದ್ದರು. ಒಂದು ಹಿಡಿ ಅವಳ ಪಾಲಿಗೆ ಬೇರೆ ಇಟ್ಟಿದ್ದರು.

“ಚೈನು ಕೆಟ್ಟದ್ದಿತ್ರಿ,” ಎಂದಳು ನೀಲಾಂಬಿಕೆ.

“ಹೋದ ಗುರುವಾರನೂ ಕೆಟ್ಟದ್ದ ಇತ್ತು. ಫಕೀರವ್ವನ ಕೆಳಗ ಹರೀಲಿಲ್ಲಲ್ಲ.”

“ನನ್ನ ಅಳತಿ ತಪ್ಪಿರಲಿಲ್ಲ.”

“ಅಳತಿ ತಪ್ಪಿರಲಿಲ್ಲವ್ವಾ. ಶೇಂಗಾ ತಿನ್ನು.”

ತಿನ್ನಲಿಲ್ಲ. ಗೋಡೆಯ ಕಡೆ ಮುಖಮಾಡಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಒಂದೊಂದಾಗಿ ಶೇಂಗಾ ಬಾಯಿಗೆ ಹೋಗತೊಡಗಿದವು.

ಮರುದಿನ ಬುಧವಾರ. ಡಬ್ಬಿಯಲ್ಲಿದ್ದ ಒಂದೇ ಒಂದು ಚೈನ್ ಲಾಕನ್ನು ಅಜ್ಜಾರು ತೆಗೆದುಕೊಟ್ಟರು. ಅವಳು ಚೈನು ಕೂಡಿಸಿ, ಮೊದಲು ಹೇಗಿತ್ತೋ ಹಾಗೆ ಚಕ್ರವನ್ನು ಸಡಿಲ ಮಾಡಿಟ್ಟಳು. ಅಜ್ಜಾರು ಅವಳ ಸೊಂಟದ ಸ್ಕೇಲಿಗೆ ಕೈ ಚಾಚಿದರು.

“ಅದನ್ನ ನನಗ ಕೊಡು. ಈ ಸುಣ್ಣದ ತುಂಡು ನೀ ತಗೋ.”

“ಸ್ಕೇಲು ಇಲ್ದ ಏನ ಮಾಡ್ಲಿ?”

“ಕಣ್ಣು ಮುಚ್ಚು. ಚೈನಿನ ಕೆಳಗ ಬೆರಳು ಇಡು. ಇನ್ನೊಂದು ಕೈಯಾಗ ಚಕ್ರ ತಿರವು. ಸಾವಕಾಶ.”

ನೀಲಾಂಬಿಕೆ ಕಣ್ಣು ಮುಚ್ಚಿದಳು. ಚಕ್ರ ತಿರುವಿದಳು. ಬೆರಳ ಮೇಲೆ ಚೈನು ಸಡಿಲವಾಗಿ, ಮೆತ್ತಗೆ ಕುಣಿಯುತ್ತ ಸಾಗಿತು. ಇನ್ನೂ ತಿರುವಿದಳು. ಸಡಿಲವೇ.

“ಎಷ್ಟು ತಿರವಬೇಕ್ರಿ?”

“ಚೈನು ಪೂರ್ತಿ ಒಂದು ಸುತ್ತು ಬರಾಕ ಚಕ್ರ ಎರಡು ಸುತ್ತು ದಾಟಬೇಕು. ನೀ ನಿನ್ನೆ ಕಾಲು ಸುತ್ತೂ ತಿರವಲಿಲ್ಲ.”

ಅವಳು ತಿರುವಿದಳು. ಒಮ್ಮೆಲೇ ಬೆರಳ ಮೇಲಿನ ಚೈನು ಸೆಟೆದು ನಿಂತಿತು. ಎತ್ತಿದರೆ ಏಳಲೊಲ್ಲದು. ಕಣ್ಣು ತೆರೆದಳು. ಮತ್ತೆ ಸ್ವಲ್ಪ ತಿರುವಿದಳು. ಚೈನು ಮೊದಲಿನಂತೆ ಸಡಿಲಾಯಿತು. ಹಿಂದಕ್ಕೆ ತಂದಳು. ಸೆಟೆಯಿತು.

“ಅಜ್ಜಾರ! ಇಲ್ಲಿ ಬಿಗಿ ಐತಿ!”

“ಸುಣ್ಣ ಹಚ್ಚು.”

ಹಚ್ಚಿದಳು.

“ಹೊಸ ಚೈನು ಎಲ್ಲಾ ಕಡೆ ಒಂದ ಸಮ ಇರತೈತಿ,” ಎಂದರು ಅಜ್ಜಾರು. “ಹಳೇದು ಹಂಗಲ್ಲ. ಹೊತ್ತ ಭಾರ, ಕುಡದ ಕೆಸರು, ಒಂದೊಂದು ಕೊಂಡಿಗೆ ಒಂದೊಂದು ನಮೂನಿ. ಒಂದ ಕಡೆ ಜಗ್ಗಿ ಉದ್ದ ಆಗೈತಿ. ಒಂದ ಕಡೆ ಹಿಡಕೊಂಡು ಕುಂತೈತಿ. ನೀ ನಿನ್ನೆ ಜೋತಾಡೂ ಜಾಗ ನೋಡಿ ಅಳದಿ. ಪುಸ್ತಕದಾಗ ಬರದಷ್ಟು ಬಿಗದಿ. ಈ ಸುಣ್ಣದ ಜಾಗ ತಿರಗಿ ಬಂದಾಗ ಇದರ ಪಾಲಿಗೆ ಎಷ್ಟು ಉಳೀತು?”

ಮನಸ್ಸಿನಲ್ಲೇ ಲೆಕ್ಕ ಮಾಡಿದಳು. ಲೆಕ್ಕದಲ್ಲಿ ಅವಳು ಎಂದೂ ತಪ್ಪಿದವಳಲ್ಲ.

“ಏನೂ ಉಳೀಲಿಲ್ಲ.”

“ಮತ್ತ ಮ್ಯಾಲ ನೀ ಕುಂತಿ. ಮರಳು ಕುಂತು. ಭಾರ ಬಿದ್ದಷ್ಟು ಚೈನು ಇನ್ನೂ ಜಗ್ಗತೈತಿ.”

ಅಜ್ಜಾರು ಸ್ಕೇಲು ಮರಳಿ ಕೊಟ್ಟರು. ಅವಳು ಸುಣ್ಣದ ಗುರುತನ್ನು ಎರಡು ಚಕ್ರಗಳ ನಡುವೆ ತಂದು ನಿಲ್ಲಿಸಿ, ಅಲ್ಲಿ ಮೂವತ್ತೈದು ಬಿಟ್ಟು ಕಟ್ಟಿದಳು. ಮತ್ತೆ ತಿರುವಿ ನೋಡಿದಳು. ಉಳಿದ ಕಡೆಯೆಲ್ಲ ಚೈನು ಹಗ್ಗದ ಮಂಚದಂತೆ ಜೋತುಬಿತ್ತು.

“ಛೀ, ಚಂದ ಕಾಣಂಗಿಲ್ರಿ. ಓಡಬೇಕಾದ್ರ ಪಟಪಟ ಬಡಿತೈತಿ.”

“ಬಡೀಲಿ.”

“ಕೇಳಿದವರು ಏನಂತಾರ?”

“ಫಕೀರವ್ವ ಬರಾಕತ್ಯಾಳ ಅಂತಾರ. ಆರು ತಿಂಗಳಾತು, ಆಕಿ ಕೇಳಿದಂಗ ನಾನ ಹಂಗ ಕಟ್ಟಿ ಕೊಡತಿದ್ದೆ. ನೀ ಮಲಗಿದ ಮ್ಯಾಲ. ಮೊದಲು ಹತ್ತಿ ನೋಡೂದು ಆಕಿ ಕೆಲಸ.”

ನೀಲಾಂಬಿಕೆ ಪಾನಾಗಳ ಗೋಡೆಯ ಕಡೆ ತಿರುಗಿದಳು. ಬೆಳಗ್ಗೆ ಎದ್ದಾಗ ಹದಿನಾಲ್ಕರ ಪಾನಾ ಏಕೆ ಎಂದೂ ಗೋಡೆಯ ಮೇಲೆ ಇರುತ್ತಿರಲಿಲ್ಲವೆಂದು ಅವಳಿಗೆ ಈಗ ತಿಳಿಯಿತು.

ಸಂಜೆ ಮರಳಿನ ಚೀಲ ಕಟ್ಟಿಕೊಂಡು ಬೋಳುಗಲ್ಲಿನ ತನಕ ಹೋಗಿ ಬಂದಳು. ಚೈನು ಪಟಪಟ ಬಡಿಯಿತು. ಹರಿಯಲಿಲ್ಲ.

ಗುರುವಾರ ಏಳಕ್ಕೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹೊರಟಳು. ತನ್ನ ಹೊರಟ ಹೊತ್ತನ್ನು ತಾನೇ ಹಲಗೆಯ ಮೇಲೆ ಬರೆದಳು.

ಮೊದಲ ಹಟ್ಟಿಯಲ್ಲಿ ಕೇಳಿದರು, “ಫಕೀರವ್ವ ಎಲ್ಲಿ?” ಎರಡನೆಯದರಲ್ಲೂ ಕೇಳಿದರು. ಮೂರನೆಯದರಲ್ಲಿ ಒಬ್ಬ ಮುದುಕ, “ಆಕಿ ಬೈದು ಗುಳಿಗಿ ಕೊಡ್ತಾಳ, ನಾ ತಗೋತೀನಿ. ನೀ ಸುಮ್ನ ಕೊಟ್ರ ನನಗ ನೆನಪ ಉಳಿಯಂಗಿಲ್ಲ,” ಎಂದ. ನೀಲಾಂಬಿಕೆ ಬೈದಳು. ಅದು ಅವಳಿಗೆ ಕಷ್ಟವಾಗಲಿಲ್ಲ.

ನಾಲ್ಕನೆಯ ಹಟ್ಟಿಯಲ್ಲಿ, ಗುಡ್ಡದ ತೀರಾ ತುದಿಯ ಗುಡಿಸಲಿನಲ್ಲಿ ದ್ಯಾಮವ್ವ ಇದ್ದಳು. ಎರಡೂ ಕಣ್ಣು ಹೋಗಿ ಹತ್ತು ವರ್ಷ. ಬೈಕಿನ ಸದ್ದಿಗೆ ಬಾಗಿಲಿಗೆ ಬಂದಿದ್ದಳು.

“ಚೈನು ಫಕೀರಿದ. ಹೆಜ್ಜಿ ಫಕೀರಿದಲ್ಲ. ಯಾರ ನೀ?”

“ನೀಲಾಂಬಿಕೆ ರೀ. ಆಶ್ರಮದಾಕಿ. ಗುಳಿಗಿ ತಂದೀನಿ, ತಗೋರಿ.”

“ತಗೊಂಡು ಏನ ಮಾಡ್ಲಿ? ಸೊಸಿ ಮನಿಯಾಗಿಲ್ಲ. ಮೆಣಸಿನಕಾಯಿ ಬಿಡಸಾಕ ಕೆಳಗ ಹೋಗ್ಯಾಳ, ತಿಂಗಳಾತು. ಗಂಟು ಕಟ್ಟಿಕೊಡು.”

“ಯಾವ ಗಂಟು?”

ದ್ಯಾಮವ್ವ ಮೂಲೆಯಿಂದ ಹಳೆಯ ಸೀರೆಯ ಉದ್ದನೆಯ ಅಂಚೊಂದನ್ನು ತಂದಳು. ಅದರಲ್ಲಿ ಬಿಚ್ಚಿದ ಗಂಟುಗಳ ಸುಕ್ಕು ಇತ್ತು. ಏಳು ದಿನಕ್ಕೆ ಏಳು ಗಂಟು. ಒಂದೊಂದರಲ್ಲಿ ಒಂದೊಂದು ದಿನದ ಗುಳಿಗೆ. ಬೆಳಗಾಗೆದ್ದು ಬೆರಳಿಂದ ತಡವಿ ಮೊದಲ ಗಂಟು ಬಿಚ್ಚಬೇಕು. ಸೊಸೆ ಮನೆಯಲ್ಲಿದ್ದಾಗ ಸೊಸೆಯೇ ಕೊಡುತ್ತಿದ್ದಳು. ಇಲ್ಲದಾಗ ಫಕೀರವ್ವ ಕುಳಿತು ಕಟ್ಟಿಕೊಡುತ್ತಿದ್ದಳು.

“ಒಮ್ಮೆ ಡಬ್ಬಿಯಿಂದ ನಾನ ತಗೊಂಡೆ,” ಎಂದಳು ದ್ಯಾಮವ್ವ. “ಎರಡು ದಿನದ್ದು ಒಂದ ದಿನ ನುಂಗಿ ಒಲಿ ಮುಂದ ಬಿದ್ದಿದ್ದೆ. ಅವತ್ತಿಂದ ಫಕೀರಿ ಈ ಪದ್ಧತಿ ಮಾಡ್ಯಾಳ.”

ನೀಲಾಂಬಿಕೆ ಸ್ಕೇಲು ತೆಗೆದು, ನಾಲ್ಕು ನಾಲ್ಕು ಅಂಗುಲಕ್ಕೊಂದರಂತೆ ಏಳು ಗಂಟು ಕಟ್ಟಿದಳು. ಏಳೂ ಒಂದೇ ಗಾತ್ರ, ಒಂದೇ ಸಾಲು. ಕಣ್ಣಿಗೆ ಹಬ್ಬದಂತಿತ್ತು.

ದ್ಯಾಮವ್ವ ಮೊದಲ ಗಂಟಿಗೆ ಬೆರಳು ಹಚ್ಚಿದಳು. ಉಗುರು ಹಚ್ಚಿದಳು. ಹಲ್ಲಿಲ್ಲದ ಬಾಯಿಗೂ ಒಯ್ದು ನೋಡಿದಳು.

“ನನ್ನ ಹೆಣ ಹೋದ ಮ್ಯಾಲೂ ಬಿಚ್ಚಂಗಿಲ್ಲ ಇದು. ಯಾರ ಮ್ಯಾಲಿನ ಸಿಟ್ಟ ತಂಗಿ, ನನ್ನ ಗುಳಿಗಿ ಮ್ಯಾಲ ತೀರಸ್ತಿ?”

ಏಳನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಎರಡನೆಯ ಸಲ ಗಂಟು ತೀರಾ ಸಡಿಲಾಗಿ ಗುಳಿಗೆ ಉದುರಿದವು. ಮೂರನೆಯ ಸಲ, ದ್ಯಾಮವ್ವನ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು, ಕೀಲು ಬಾತ ಆ ಬೆರಳಿಗೆ ಎಷ್ಟು ಬಲವಿದೆಯೆಂದು ನೋಡಿ, ಅಷ್ಟಕ್ಕೆ ತಕ್ಕಂತೆ ಕಟ್ಟಿದಳು. ದ್ಯಾಮವ್ವ ಒಂದು ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟಿಸಿಕೊಂಡು, “ಹ್ಞಾಂ, ಈಗ,” ಎಂದಳು. ಆಮೇಲೆ ಮಜ್ಜಿಗೆ ಕುಡಿಯದೆ ಹೋಗಗೊಡಲಿಲ್ಲ.

ಮರಳಿ ಶೆಡ್ಡಿಗೆ ಬಂದಾಗ ಆರು ತಾಸು ಇಪ್ಪತ್ತು ನಿಮಿಷ ಕಳೆದಿತ್ತು.

ನೀಲಾಂಬಿಕೆ ಕೆಂಪು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಅದನ್ನೇ ಬರೆದಳು. ದೊಡ್ಡದಾಗಿ ಬರೆದಳು. ಆಮೇಲೆ ಫಕೀರವ್ವನ ಮೂರು ತಾಸು ಹತ್ತು ನಿಮಿಷದ ಮುಂದಿದ್ದ ತಾರೀಖು ನೋಡಿದಳು. ಮೆಣಸಿನಕಾಯಿ ಸುಗ್ಗಿಗೆ ಮುಂಚಿನದು. ಸೊಸೆ ಮನೆಯಲ್ಲಿದ್ದ ಕಾಲ.

ಹಲಗೆಯನ್ನು ಮೊಳೆಯಿಂದ ಕಿತ್ತು, ಕಂಕುಳಲ್ಲಿ ಇಟ್ಟುಕೊಂಡು ಫಕೀರವ್ವನ ಮನೆಗೆ ನಡೆದಳು.

ಫಕೀರವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮುಖ ಎತ್ತಲಿಲ್ಲ.

“ಯಾಕವ್ವಾ, ಮನಿ ಗ್ವಾಡಿಗೂ ತೂಗಹಾಕಾಕ ಬಂದೇನು?”

ನೀಲಾಂಬಿಕೆ ಹಲಗೆಯನ್ನು ಅವಳ ಮುಂದೆ ನಿಲ್ಲಿಸಿದಳು. ಫಕೀರವ್ವ ಓದಿದಳು. ಮತ್ತೊಮ್ಮೆ ಓದಿದಳು. ಮೊರ ಕೆಳಗಿಟ್ಟಳು.

“ಆರು ತಾಸು ಇಪ್ಪತ್ತು ನಿಮಿಷ! ಎಲ್ಲಿ ಕುಂತಿದ್ದೆವ್ವಾ ಹರಟಿ ಹೊಡಕೋತ?”

ಹೇಳಿ ಮುಗಿಸುವ ಮುನ್ನವೇ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನೀಲಾಂಬಿಕೆ ನೆಟ್ಟಗೆ ನಿಂತೇ ಇದ್ದಳು.

“ಗಂಟು ಕಟ್ಟಿ ಬಂದ್ಯಾ?”

“ಮೂರು ಸಲ.”

“ಮೊದಲನೇದು ಬಿಗಿ ಆತೇನು?”

“ಆತು.”

“ಅನ್ಕೊಂಡೆ.”

“ಅಕ್ಕಾ, ಇದನ್ನ ನನಗ ಮೊದಲ ಯಾಕ ಹೇಳಲಿಲ್ಲ ನೀ?”

“ನೀ ಕೇಳಲಿಲ್ಲ. ಬರದಿ.”

ನೀಲಾಂಬಿಕೆ ತಲೆ ತಗ್ಗಿಸಿದಳು. ಕ್ಷಮೆ ಕೇಳಿ ಅವಳಿಗೆ ರೂಢಿಯಿರಲಿಲ್ಲ. ಕೊನೆಗೆ ಸೆರಗಿನ ತುದಿಯಿಂದ ಹಲಗೆಯ ನೆತ್ತಿಯ ಮೇಲಿನ ಗೆರೆ, ಅದರೊಳಗಿನ ಮೂರು ತಾಸು ಹತ್ತು ನಿಮಿಷ, ಎಲ್ಲ ಒರೆಸಿದಳು. ಸೊಂಟದಿಂದ ಕೆಂಚಿಯ ಕೀಲಿ ತೆಗೆದು ಮೊರದಲ್ಲಿ, ಅಕ್ಕಿಯ ಮೇಲೆ ಇಟ್ಟಳು.

“ತಪ್ಪು ನಂದು, ಅಕ್ಕಾ.”

ಫಕೀರವ್ವ ಕೀಲಿಗೆ ಹತ್ತಿದ ಅಕ್ಕಿ ಕಾಳನ್ನು ಬಿಡಿಸಿದಳು.

“ಚೈನು ಹ್ಯಾಂಗ ಕಟ್ಟಿ? ಪುಸ್ತಕದಂಗ?”

“ಅಜ್ಜಾರು ಹೇಳಿದಂಗ.”

“ಪಟಪಟ ಅಂತೈತೇನು?”

“ಅಂತೈತಿ.”

“ಹಂಗಾದ್ರ ಬರ್ತೀನಿ. ಬಾ ಒಳಗ. ಮಾರಿ ಬಾಡೈತಿ, ಎರಡು ರೊಟ್ಟಿ ತಿನ್ನು. ಹೊತ್ತು ನೋಡಬ್ಯಾಡ.”

ಮೂರು ವಾರದ ಮೇಲೆ ಹೊಸ ಸ್ಪ್ರಾಕೆಟ್ಟುಗಳು ಬಂದವು. ನೀಲಾಂಬಿಕೆ ಹಳೆಯ ಮೂರನ್ನೂ ಒಟ್ಟಿಗೆ ಇಳಿಸಿ, ಹೊಸ ಮೂರನ್ನೂ ಒಟ್ಟಿಗೆ ಏರಿಸಿದಳು. ಹಳೆಯ ಚೈನನ್ನು ಎಸೆಯಲಿಲ್ಲ. ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಬಿಗಿ ಜಾಗಕ್ಕೆ ಮತ್ತೆ ಸುಣ್ಣ ಹಚ್ಚಿ, ಒಂದು ಮೊಳೆಗೆ ಹಾಕಿದಳು. ಆ ಮೊಳೆಯ ಹಿಂದೆ ಚಿತ್ರ ಬರೆಯಲಿಲ್ಲ.

ಆಮೇಲೆ ಕಣ್ಣು ಮುಚ್ಚಿ, ಹೊಸ ಚೈನಿನ ಕೆಳಗೆ ಬೆರಳಿಟ್ಟು, ಚಕ್ರ ತಿರುವಿದಳು. ಒಂದು ಸುತ್ತು, ಎರಡು ಸುತ್ತು, ಮೇಲಿಷ್ಟು. ಎಲ್ಲ ಕಡೆ ಒಂದೇ ಸಮ.

ಬಿಸಿಲು ಬಾಗಿಲಿಗೆ ಬಂದಿತ್ತು. ಅಜ್ಜಾರು ಅಲ್ಲೇ ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಹೊಳೆಯ ಆಚೆಗೆ ಇನ್ನೊಂದು ಬೈಕಿನ ಸದ್ದು. ಫಕೀರವ್ವ ಮರಳುತ್ತಿದ್ದಳು. ಎಷ್ಟು ತಾಸಾಯಿತೆಂದು ನೀಲಾಂಬಿಕೆಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಬರೆದಿರಲಿಲ್ಲ, ಅಷ್ಟೇ.

ನಟ್ಟು ಕಟ್ಟಲು ಗೋಡೆಯ ಕಡೆ ಕೈ ಚಾಚಿದಳು. ಹದಿನಾಲ್ಕರ ಪಾನಾ ಇರಲಿಲ್ಲ.

“ಅಜ್ಜಾರ...”

“ಇಲ್ಲೇ ಇತ್ತಲ್ಲವ್ವಾ,” ಎಂದು ಅಜ್ಜಾರು ಏಳಹೊರಟರು.

“ಕುಂದರ್ರಿ.” ಅವಳು ಬಂದು ಅವರ ಮಡಿಲಿಂದ ಪಾನಾ ತೆಗೆದುಕೊಂಡಳು. ಆದರೆ ಮರಳಿ ಹೋಗಲಿಲ್ಲ. ಚಾಪೆಯ ಅಂಚಿನಲ್ಲಿ ಕುಳಿತಳು.

“ಎರಡು ವರ್ಷ ಆತು, ದಿನಾ ನಿಮಗ ಬೈತೀನಿ. ಊರ ಮಂದಿ ನಗತಾರ. ನೀವು ಒಮ್ಮೆನೂ ತಿರಗಿ ಅನ್ನಲಿಲ್ಲ.”

ಅಜ್ಜಾರು ಚಹಾ ಊದಿದರು.

“ಫಕೀರಕ್ಕಗ ಅಂದಾಗೂ ಸುಮ್ನ ಇದ್ರಿ. ರಾತ್ರಿ ಎದ್ದು ಕೆಂಚಿಯ ಚೈನು ಬಿಚ್ಚಿ ಕಟ್ಟತಿದ್ರಿ, ಆರು ತಿಂಗಳು ಅದನ್ನೂ ಹೇಳಲಿಲ್ಲ.”

“ಚಹಾ ಆರತೈತಿ, ನಿನ್ನ ಲೋಟ ತಗೋ.”

ಅವಳು ತೆಗೆದುಕೊಳ್ಳಲಿಲ್ಲ. ಗೋಡೆಯ ಮೇಲಿನ ಹಳೆಯ ಚೈನಿನ ಸುಣ್ಣದ ಗುರುತನ್ನು ನೋಡುತ್ತ ಕೇಳಿದಳು.

“ನನ್ನ ಬಿಗಿ ಜಾಗ ನಿಮಗ ಯಾವಾಗ ಸಿಕ್ತು, ಅಜ್ಜಾರ?”

“ಎಷ್ಟು ನಿಮಿಷ ತಿಕ್ಕಬೇಕು ಅಂತ ಕೇಳಿದ್ಯಲ್ಲ, ಅವತ್ತ. ಅಲ್ಲೇ ಬೆರಳಿಟ್ಟು ಅಳದು, ಇಷ್ಟು ಸಡಿಲ ಬಿಟ್ಟೀನವ್ವಾ.”